ಕೋಡ್ ಎಲ್ಲರದ್ದು, ಹೆಸರು ಯಾರದ್ದು?

ಪ್ರಶ್ನೆ: ಮೂರು ವರ್ಷದಿಂದ ಒಂದು ಓಪನ್ ಸೋರ್ಸ್ ಲೈಬ್ರರಿಗೆ ಬಿಡುವಿನಲ್ಲಿ ಕೋಡ್ ಬರೆಯುತ್ತಿದ್ದೇನೆ. ಅದರ ಇಂಪೋರ್ಟ್ ಭಾಗವನ್ನು ಪೂರ್ತಿ ಹೊಸದಾಗಿ ಬರೆದೆ. ಸುಮಾರು 60 ಕಮಿಟ್ (ಹಂತ ಹಂತವಾಗಿ ದಾಖಲಿಸಿದ ಬದಲಾವಣೆ) ಆಗಿತ್ತು. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್ ಅದನ್ನೆಲ್ಲ ಸ್ಕ್ವಾಶ್ ಮಾಡಿ, ಅಂದರೆ ಒಂದಾಗಿ ಕೂಡಿಸಿ, ಅಲ್ಲಲ್ಲಿ ತಿದ್ದಿ, ತಮ್ಮ ಹೆಸರಿನಲ್ಲಿ ಒಂದೇ ಕಮಿಟ್ ಆಗಿ ಸೇರಿಸಿದರು. ರಿಲೀಸ್ ನೋಟ್ಸ್‌ನಲ್ಲೂ ನನ್ನ ಹೆಸರಿಲ್ಲ. ಕೇಳಿದ್ದಕ್ಕೆ "ಇಲ್ಲಿ ಯಾರೂ ಹೆಸರಿಗೋಸ್ಕರ ಕೆಲಸ ಮಾಡಲ್ಲ" ಅಂದರು. ನಾನು ಮತ್ತು ಇನ್ನಿಬ್ಬರು ಸೇರಿ ಫೋರ್ಕ್ ಮಾಡಬೇಕು, ಅಂದರೆ ಆ ಕೋಡಿನ ಪ್ರತಿ ತೆಗೆದುಕೊಂಡು ಬೇರೆ ಪ್ರಾಜೆಕ್ಟ್ ಆಗಿ ನಡೆಸಬೇಕು ಅಂತಿದ್ದೇವೆ. ಹಳೆಯ ಹೆಸರಿನ ಮೊದಲಿಗೆ 'ಓಪನ್' ಅಂತ ಸೇರಿಸಿ ಅದನ್ನೇ ಇಟ್ಟುಕೊಳ್ಳಬಹುದಾ? ಲೈಸೆನ್ಸ್ ಎಂಐಟಿ. ಇನ್ನೊಂದು, ಹೀಗೆ ಹೆಸರು ಕೇಳುವುದು ಸಣ್ಣತನವಾ?

ಉತ್ತರ: ಸಣ್ಣತನ ಖಂಡಿತ ಅಲ್ಲ. "ಇಲ್ಲಿ ಯಾರೂ ಹೆಸರಿಗೋಸ್ಕರ ಕೆಲಸ ಮಾಡಲ್ಲ" ಅನ್ನುವ ಮಾತನ್ನು ಸಾಮಾನ್ಯವಾಗಿ ಆಡುವವರು ಯಾರು ಗಮನಿಸಿ. ರೆಪೊ (ಕೋಡ್ ಇಟ್ಟಿರುವ ಜಾಗ) ತೆರೆದ ಕೂಡಲೇ ಯಾರ ಹೆಸರು ಕಾಣುತ್ತದೋ ಅವರೇ. ಸಂಬಳ ಇಲ್ಲದ ಕೆಲಸದಲ್ಲಿ ಕೈಗೆ ಸಿಗುವುದು ಹೆಸರೊಂದೇ. ನಾಳೆ ಬೇರೆ ಕಡೆ ಕೆಲಸ ಕೇಳಲು ಹೋದಾಗ ತೋರಿಸುವುದೂ ಅದನ್ನೇ. ಅದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಜಗಳ ಸೇರಿಕೊಂಡು ಗಂಟಾಗಿದೆ. ನೀವು ಬರೆದ ಕೋಡಿಗೆ ನಿಮ್ಮ ಹೆಸರು ಬರಬೇಕು ಅನ್ನುವುದು ಒಂದು. ಪ್ರಾಜೆಕ್ಟಿನ ಹೆಸರು ನಮಗೂ ಬೇಕು ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನ್ಯಾಯ ನಿಮ್ಮ ಕಡೆ ಇದೆ, ಪಟ್ಟು ಹಿಡಿಯಿರಿ. ಎರಡನೆಯದನ್ನು ಇವತ್ತೇ ಕೈಬಿಡಿ. ಎರಡನ್ನೂ ಒಟ್ಟಿಗೆ ಎಳೆದರೆ ಎರಡೂ ಹೋಗುತ್ತವೆ.

ನಾನೂ ಒಂದು ಕಾಲದಲ್ಲಿ ನಿಮ್ಮ ಮೇಂಟೇನರ್ ಮಾಡಿದ್ದನ್ನೇ ಮಾಡಿದವನು. ಒಂದು ಸಣ್ಣ ಟೂಲ್ ನೋಡಿಕೊಳ್ಳುತ್ತಿದ್ದೆ. ಹೊಸಬರೊಬ್ಬರು ಪ್ಯಾಚ್, ಅಂದರೆ ಕೋಡಿಗೆ ತಿದ್ದುಪಡಿ, ಕಳಿಸಿದರು. ಬಗ್ ಎಲ್ಲಿದೆ ಅಂತ ಸರಿಯಾಗಿ ಹಿಡಿದಿದ್ದರು, ಕೋಡ್ ಮಾತ್ರ ಸ್ವಲ್ಪ ಒರಟಾಗಿತ್ತು. ಅವರಿಗೆ ವಿವರಿಸಿ ತಿದ್ದಿಸುವುದಕ್ಕಿಂತ ನಾನೇ ಬರೆಯುವುದು ಬೇಗ ಅನ್ನಿಸಿತು. ಬರೆದೆ, ನನ್ನ ಹೆಸರಲ್ಲೇ ಕಮಿಟ್ ಮಾಡಿದೆ, ಅವರಿಗೆ ಒಂದು ಸಾಲಿನ ಥ್ಯಾಂಕ್ಸ್ ಹಾಕಿದೆ. ಅವರು ಮತ್ತೆ ಬರಲೇ ಇಲ್ಲ. ಎರಡು ವರ್ಷ ಆದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಬಗ್ ಬಂತು. ಯಾವ ಸಾಲು ಯಾರದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಹಾಕಿ ನೋಡಿದರೆ ಆ ಸಾಲಿನ ಎದುರು ನನ್ನ ಹೆಸರು. ಆ ಷರತ್ತು ಅಲ್ಲಿ ಯಾಕಿದೆ ಅಂತ ನನಗೆ ಒಂದು ಚೂರೂ ನೆನಪಿಲ್ಲ. ಗೊತ್ತಿದ್ದವರ ಹೆಸರನ್ನು ನಾನೇ ಅಳಿಸಿದ್ದೆ. ಕಮಿಟ್ ಮೇಲಿನ ಹೆಸರು ಮರ್ಯಾದೆಗೆ ಮಾತ್ರ ಇರುವಂಥದ್ದಲ್ಲ, ಈ ಕೋಡ್ ಬಗ್ಗೆ ಯಾರನ್ನು ಕೇಳಬೇಕು ಅನ್ನುವ ವಿಳಾಸ ಅದು. ನಿಮ್ಮ ಮೇಂಟೇನರ್ ಜೊತೆ ಮಾತಾಡುವಾಗ ಈ ಮಾತು ಕೆಲಸಕ್ಕೆ ಬರಬಹುದು.

ದೊಡ್ಡ ಪ್ರಾಜೆಕ್ಟುಗಳಲ್ಲೂ ಇದು ಆಗುತ್ತದೆ. 2022ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನಲ್‌ಗೆ ಮೊದಲ ಸಲ ಪ್ಯಾಚ್ ಕಳಿಸಿದ ಒಬ್ಬರಿಗೆ ಹೆಚ್ಚುಕಡಿಮೆ ನಿಮ್ಮ ಅನುಭವವೇ ಆಯಿತು. ಬಗ್ಗಿನ ಮೂಲ ಹುಡುಕಿ ಪ್ಯಾಚ್ ಕಳಿಸಿದವರು ಅವರು. ಮೇಂಟೇನರ್ ತಮ್ಮದೇ ಬೇರೆ ಪ್ಯಾಚ್ ಬರೆದು ಸೇರಿಸಿ, ಇವರಿಗೆ 'ರಿಪೋರ್ಟೆಡ್-ಬೈ' ಅನ್ನುವ ಒಂದು ಸಾಲು ಮಾತ್ರ ಕೊಟ್ಟರು. ನನ್ನ ಮೊದಲ ಕೊಡುಗೆಯನ್ನೇ ಕಿತ್ತುಕೊಂಡರು ಅಂತ ಅವರು ಬರೆದದ್ದು ತುಂಬ ಚರ್ಚೆಯಾಯಿತು. ಬಗ್ ಇದೆ ಅಂತ ಹೇಳುವುದು ಬೇರೆ, ಅದನ್ನು ಬಿಡಿಸುವುದು ಬೇರೆ. ಆ ಒಂದು ಸಾಲು ಎರಡನ್ನೂ ಒಂದೇ ಮಾಡಿಬಿಟ್ಟಿತ್ತು.

ಈಗ ನಿಮ್ಮ ಕಮಿಟ್‌ಗೆ ಬರೋಣ. ಕೋಡಿನ ಇತಿಹಾಸ ಇಟ್ಟುಕೊಳ್ಳುವ ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ ಎರಡು ಹೆಸರಿಗೆ ಜಾಗ ಇದೆ. ಬರೆದವರು 'ಆಥರ್', ಸೇರಿಸಿದವರು 'ಕಮಿಟರ್'. ಗಿಟ್ ಹುಟ್ಟಿದ್ದೇ ಲಿನಕ್ಸ್ ಕರ್ನಲ್‌ಗೋಸ್ಕರ. ಅಲ್ಲಿ ಪ್ಯಾಚ್ ಬರೆಯುವವರು ಒಬ್ಬರು, ಸೇರಿಸುವವರು ಇನ್ನೊಬ್ಬರು, ಮಿಂಚಂಚೆಯಲ್ಲಿ ಓಡಾಟ. ಹಾಗಾಗಿ ಈ ಎರಡು ಜಾಗ ಮೊದಲಿಂದಲೂ ಇವೆ. ಅಂದರೆ ನಿಮ್ಮ ಮೇಂಟೇನರ್ ಸ್ಕ್ವಾಶ್ ಮಾಡಿದ್ದರಿಂದಲೇ ನಿಮ್ಮ ಹೆಸರು ಹೋಗಬೇಕಾಗಿರಲಿಲ್ಲ. ಕೋಡ್ ಇಡುವ ತಾಣ ಗಿಟ್‌ಹಬ್‌ನ ಸ್ಕ್ವಾಶ್ ಬಟನ್ ಒತ್ತಿದ್ದರೆ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ತೆರೆದವರೇ ಆಥರ್ ಆಗಿ ಉಳಿಯುತ್ತಿದ್ದರು. ಅವರು ಬಹುಶಃ ತಮ್ಮ ಕಂಪ್ಯೂಟರಿನಲ್ಲೇ 'ಗಿಟ್ ಮರ್ಜ್' ಜೊತೆ ಸ್ಕ್ವಾಶ್ ಆಯ್ಕೆ ಹಾಕಿ, ಆಮೇಲೆ ಕಮಿಟ್ ಮಾಡಿದ್ದಾರೆ. ಹಾಗೆ ಮಾಡಿದಾಗ ಕಮಿಟ್ ಮಾಡಿದವರೇ ಆಥರ್ ಆಗಿಬಿಡುತ್ತಾರೆ. ಬೇಕಂತಲೇ ಮಾಡಿರಬಹುದು, ಗೊತ್ತಿಲ್ಲದೆಯೂ ಆಗಿರಬಹುದು. ಗೊತ್ತಿಲ್ಲದೆ ಆಗಿದೆ ಅಂದುಕೊಂಡೇ ಮಾತು ಶುರು ಮಾಡಿ. ಅವರಿಗೆ ಹಿಂದೆ ಸರಿಯಲು ದಾರಿ ಇದ್ದರೆ ಮಾತ್ರ ಸರಿಯುತ್ತಾರೆ.

ಇನ್ನೊಂದು ವಿಷಯ, ಅವರೂ ಅಲ್ಲಲ್ಲಿ ತಿದ್ದಿದ್ದಾರೆ ಅಂತ ನೀವೇ ಹೇಳಿದ್ದೀರಿ. ಹಾಗಿದ್ದರೆ ಇಬ್ಬರ ಹೆಸರೂ ಬರಬೇಕು. ಅದಕ್ಕೆ ಕಮಿಟ್ ಸಂದೇಶದ ಕೊನೆಯಲ್ಲಿ 'ಕೋ-ಆಥರ್ಡ್-ಬೈ' ಸಾಲು ಹಾಕುವ ರೂಢಿ ಇದೆ. ಕರ್ನಲ್‌ನಲ್ಲಿ ಇದನ್ನೇ 'ಕೋ-ಡೆವಲಪ್ಡ್-ಬೈ' ಅಂತಾರೆ. ಅದರ ಕೆಳಗೇ ಆ ವ್ಯಕ್ತಿಯ 'ಸೈನ್ಡ್-ಆಫ್-ಬೈ' ಕೂಡ ಇರಬೇಕು ಅನ್ನುವುದು ಅಲ್ಲಿನ ನಿಯಮ. ಈ 'ಸೈನ್ಡ್-ಆಫ್-ಬೈ'ಯನ್ನು ತುಂಬ ಜನ ಕ್ರೆಡಿಟ್ ಅಂದುಕೊಳ್ಳುತ್ತಾರೆ. ಅದು ಶುರುವಾದದ್ದು 2004ರಲ್ಲಿ, ಎಸ್‌ಸಿಓ ಕಂಪನಿ ಲಿನಕ್ಸ್ ಕೋಡ್ ಬಗ್ಗೆ ಕೋರ್ಟಿಗೆ ಹೋದ ಮೇಲೆ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಅಂತ ಬರೆದುಕೊಡುವ ರುಜು ಅದು, ಅಷ್ಟೇ.

ಹಳೆಯ ಕಮಿಟ್‌ನಲ್ಲಿ ಹೆಸರು ಬದಲಾಯಿಸಿ ಅಂತ ಮಾತ್ರ ಕೇಳಬೇಡಿ. ಆಥರ್ ಹೆಸರು ಬದಲಾದರೆ ಆ ಕಮಿಟ್‌ನ ಹ್ಯಾಶ್, ಅಂದರೆ ಅದರ ಗುರುತಿನ ಸಂಖ್ಯೆ, ಬದಲಾಗುತ್ತದೆ. ಅದರ ಮೇಲೆ ಬಂದ ಎಲ್ಲ ಕಮಿಟ್‌ಗಳ ಹ್ಯಾಶ್ ಕೂಡ ಬದಲಾಗುತ್ತದೆ. ರೆಪೊ ಇಳಿಸಿಕೊಂಡವರೆಲ್ಲರಿಗೂ ತಲೆನೋವು. ಯಾವ ಮೇಂಟೇನರ್ ಕೂಡ ಇದಕ್ಕೆ ಒಪ್ಪಲ್ಲ, ಒಪ್ಪಬಾರದು ಕೂಡ. ರಿಲೀಸ್ ನೋಟ್ಸ್ ತಿದ್ದುವುದು ಎರಡು ನಿಮಿಷದ ಕೆಲಸ. ಆಥರ್ಸ್ ಫೈಲಿನಲ್ಲಿ ಸೇರಿಸುವುದೂ ಅಷ್ಟೇ. ಇಂಪೋರ್ಟ್ ಭಾಗದ ಫೈಲುಗಳ ತಲೆಯಲ್ಲಿ ಕಾಪಿರೈಟ್ ಸಾಲು ಇದ್ದರೆ ಅಲ್ಲೂ ನಿಮ್ಮ ಹೆಸರು ಬರಬೇಕು. ಈ ಮೂರನ್ನು ಕೇಳಿ.

ಕಾಪಿರೈಟ್ ಸಾಲು ಯಾಕೆ ಮುಖ್ಯ ಅಂದರೆ, ಎಂಐಟಿ ಲೈಸೆನ್ಸ್ ಕೇಳುವುದೇ ಅದೊಂದನ್ನು. ಕಾಪಿರೈಟ್ ಸೂಚನೆ ಮತ್ತು ಲೈಸೆನ್ಸ್ ಪಠ್ಯ ಎರಡನ್ನೂ ಪ್ರತಿಯ ಜೊತೆ ಇಟ್ಟುಕೊಳ್ಳಿ ಅನ್ನುತ್ತದೆ. ನೀವು ಬರೆದ ಕೋಡಿನ ಕಾಪಿರೈಟ್ ನಿಮ್ಮದೇ. ಎಲ್ಲಾದರೂ ಬರೆದುಕೊಟ್ಟಿದ್ದರೆ, ಇಲ್ಲವೇ ಕಂಪನಿ ಕೆಲಸದ ಭಾಗವಾಗಿ ಬರೆದಿದ್ದರೆ ಮಾತ್ರ ಬೇರೆ ಮಾತು. ಕೊಡುಗೆ ಕೊಡುವ ಮುಂಚೆ ಏನಾದರೂ ಒಪ್ಪಂದಕ್ಕೆ ಸಹಿ ಹಾಕಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಆದರೆ ಸೂಚನೆಯಲ್ಲಿ ಮೊದಲಿಂದಲೂ ಮೇಂಟೇನರ್ ಹೆಸರೊಂದೇ ಇದ್ದರೆ, ಅದನ್ನು ಹಾಗೇ ಇಟ್ಟುಕೊಂಡವರು ಲೈಸೆನ್ಸ್ ಮುರಿದ ಹಾಗಾಗಲ್ಲ. ನಿಮ್ಮ ಹಕ್ಕು ಇದ್ದೂ ಕಾಣದ ಹಾಗಾಗುತ್ತದೆ.

ಹೆಸರು ಅಳಿಸಿದ್ದಕ್ಕೆ ಕೋರ್ಟಿನಲ್ಲಿ ಬೆಲೆ ಇದೆಯಾ? ಇದೆ. ಅಮೆರಿಕದಲ್ಲಿ ರಾಬರ್ಟ್ ಜೇಕಬ್ಸನ್ ಅನ್ನುವವರು ಆಟಿಕೆ ರೈಲು ಓಡಿಸುವ ಜೆಎಂಆರ್‌ಐ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರ್ ನಡೆಸುತ್ತಿದ್ದರು. ಅದರ ಫೈಲುಗಳನ್ನು ಒಬ್ಬ ಪ್ರತಿಸ್ಪರ್ಧಿ ತನ್ನ ಸಾಫ್ಟ್‌ವೇರಿಗೆ ಹಾಕಿಕೊಂಡ. ಬರೆದವರ ಹೆಸರು, ಕಾಪಿರೈಟ್ ಸೂಚನೆ ಯಾವುದನ್ನೂ ಉಳಿಸಿರಲಿಲ್ಲ. ಸುಮ್ನೆ ಕೊಟ್ಟ ಕೋಡ್ ತಾನೇ, ನಷ್ಟ ಏನು ಅನ್ನುವುದು ಇಂಥ ಕಡೆ ಏಳುವ ಪ್ರಶ್ನೆ. 2008ರಲ್ಲಿ ಅಲ್ಲಿನ ಫೆಡರಲ್ ಸರ್ಕ್ಯೂಟ್ ಕೋರ್ಟ್ ಜೇಕಬ್ಸನ್ ಪರವಾಗಿ ಹೇಳಿತು: ಇಂಥ ಲೈಸೆನ್ಸಿನ ಷರತ್ತುಗಳು ಬರೀ ಕೋರಿಕೆ ಅಲ್ಲ, ಮುರಿದರೆ ಕಾಪಿರೈಟ್ ಉಲ್ಲಂಘನೆ ಆಗಬಹುದು. ಆಟಿಕೆ ರೈಲಿನ ಕೇಸು ಅಂತ ನಗಬೇಡಿ. ಓಪನ್ ಸೋರ್ಸ್ ಲೈಸೆನ್ಸುಗಳಿಗೆ ಹಲ್ಲು ಬಂದದ್ದು ಅಲ್ಲಿಂದ. ಆದರೂ ನಿಮ್ಮ ವಿಷಯ ಕೋರ್ಟಿನ ಮೆಟ್ಟಿಲು ಹತ್ತುವಂಥದ್ದಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕಾಪಿರೈಟ್ ಬಗೆಗಿನ ಅಂತರರಾಷ್ಟ್ರೀಯ ಬರ್ನ್ ಒಪ್ಪಂದವು ಕೃತಿ ಬರೆದವರಿಗೆ ತಮ್ಮ ಹೆಸರಿನ ಹಕ್ಕು ಕೊಡುತ್ತದೆ, ಬ್ರಿಟನ್ನಿನ ಕಾನೂನು ನೋಡಿದರೆ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ.

ಕ್ರೆಡಿಟ್ ಬೇಕು ಅನ್ನುವುದು ಅತಿಯಾದರೂ ಕಷ್ಟ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಸಾಫ್ಟ್‌ವೇರಿಗೆ ಕೊಟ್ಟ ಹಳೆಯ ಬಿಎಸ್‌ಡಿ ಲೈಸೆನ್ಸಿನಲ್ಲಿ ಒಂದು ಷರತ್ತು ಇತ್ತು. ಈ ಸಾಫ್ಟ್‌ವೇರಿನ ಬಗ್ಗೆ ಜಾಹೀರಾತು ಕೊಟ್ಟರೆ ಅದರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೆಸರು ಹೇಳಬೇಕು. ಒಂದು ಹೆಸರಾದರೆ ಪರವಾಗಿಲ್ಲ. ಆದರೆ ಉಳಿದವರೂ ಅದೇ ಷರತ್ತನ್ನು ನಕಲು ಮಾಡಿ ತಮ್ಮ ತಮ್ಮ ಹೆಸರು ತುಂಬಿದರು. 1997ರ ಒಂದು ನೆಟ್‌ಬಿಎಸ್‌ಡಿ ಆವೃತ್ತಿಯಲ್ಲಿ ಇಂಥ 75 ಸಾಲು ಎಣಿಸಿದ್ದಾಗಿ ಮುಕ್ತ ಸಾಫ್ಟ್‌ವೇರ್ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಬರೆದಿದ್ದಾರೆ. ಮೂಗಿಗಿಂತ ಮೂಗುತಿ ಭಾರ! 1999ರಲ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ತೆಗೆದುಹಾಕಿತು. ಅಷ್ಟಾದರೂ 2004ರಲ್ಲಿ ಎಕ್ಸ್‌ಫ್ರೀ86 ಅದೇ ಥರದ ಕ್ರೆಡಿಟ್ ಷರತ್ತನ್ನು ತನ್ನ ಲೈಸೆನ್ಸಿಗೆ ಸೇರಿಸಿತು. ಆಗ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಡೆಸ್ಕ್‌ಟಾಪ್‌ಗಳ ಪರದೆಯೂ ನಿಂತಿದ್ದು ಅದರ ಮೇಲೆ. ಡಿಸ್ಟ್ರೋಗಳು (ಲಿನಕ್ಸನ್ನು ಜೋಡಿಸಿ ಹಂಚುವವರು) ಒಂದೊಂದಾಗಿ ಅದರದ್ದೇ ಫೋರ್ಕ್ ಆದ ಎಕ್ಸ್.ಆರ್ಗ್ ಕಡೆ ಹೊರಟುಬಿಟ್ಟವು. ಹೆಸರು ಹೇಳಿ ಅಂತ ಹಠ ಹಿಡಿದವರ ಹೆಸರು ಇವತ್ತಿನ ಹುಡುಗರಿಗೆ ಗೊತ್ತೇ ಇಲ್ಲ.

ಇನ್ನು ಪ್ರಾಜೆಕ್ಟಿನ ಹೆಸರು.

ಕ್ರೆಡಿಟ್ ಜಗಳವೇ ಹೆಸರಿನ ಜಗಳ ಆದದ್ದಕ್ಕೆ ದೊಡ್ಡ ಉದಾಹರಣೆ ಲಿನಕ್ಸ್. ಸ್ಟಾಲ್‌ಮನ್ 1983ರಲ್ಲಿ ಗ್ನು ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಯೋಜನೆ ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಕರ್ನಲ್ ತಂದಾಗ ಅದರ ಸುತ್ತ ಬೇಕಾದ ಎಷ್ಟೋ ಸಾಮಾನು ಗ್ನು ಕಡೆಯಿಂದಲೇ ಬಂತು. ಹಾಗಾಗಿ ಇಡೀ ಸಿಸ್ಟಮ್ಮನ್ನು ಗ್ನು/ಲಿನಕ್ಸ್ ಅನ್ನಬೇಕು ಅಂತ ಸ್ಟಾಲ್‌ಮನ್ ವಾದ. ಒಬ್ಬ ಸಿಡಿ ಮಾರಾಟಗಾರ ಲೆಕ್ಕ ಹಾಕಿದಾಗ ಗ್ನು ಕೋಡ್ ಸುಮಾರು 28%, ಕರ್ನಲ್ ಸುಮಾರು 3% ಇತ್ತು ಅಂತ ಅವರು ಬರೆದಿದ್ದಾರೆ. ವಾದದಲ್ಲಿ ಹುರುಳಿದೆ ಅಂತಲೇ ನನ್ನ ಅನಿಸಿಕೆ. 1996ರಲ್ಲಿ ಗ್ನುವಿನ ಎಡಿಟರ್ ಈಮ್ಯಾಕ್ಸ್‌ನ ಒಂದು ಆವೃತ್ತಿಯಲ್ಲಿ ಅವರು 'ಲಿಗ್ನಕ್ಸ್' ಅಂತಲೂ ಹಾಕಿ ನೋಡಿದರು. ಜನ ಗಲಾಟೆ ಮಾಡಿದರು, ವಾಪಸ್ ತೆಗೆದರು. ಡೆಬಿಯನ್‌ನಂಥ ಕೆಲವು ಡಿಸ್ಟ್ರೋಗಳವರು ಗ್ನು/ಲಿನಕ್ಸ್ ಅಂತ ಬರೆದರು. ಬಾಯಲ್ಲಿ ಉಳಿದದ್ದು ಮಾತ್ರ ಬರೀ ಲಿನಕ್ಸ್. ತಮಾಷೆ ಅಂದರೆ ಟೊರ್ವಾಲ್ಡ್ಸ್ ಇಡಬೇಕು ಅಂತಿದ್ದ ಹೆಸರು ಫ್ರೀಕ್ಸ್. ಫೈಲುಗಳನ್ನು ಸರ್ವರ್‌ಗೆ ಹಾಕಿಕೊಟ್ಟ ಆರಿ ಲೆಮ್ಕೆ ಫೋಲ್ಡರಿಗೆ ಲಿನಕ್ಸ್ ಅಂತ ಇಟ್ಟರು, ಅದೇ ನಿಂತಿತು. ಆಮೇಲೆ ಸಂಬಂಧವೇ ಇಲ್ಲದ ಒಬ್ಬರು ಅಮೆರಿಕದಲ್ಲಿ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡು, 1996ರಲ್ಲಿ ಲಿನಕ್ಸ್ ಮಾರುವವರಿಂದ 10% ಕೇಳತೊಡಗಿದರು. ಅದು ಟೊರ್ವಾಲ್ಡ್ಸ್ ಕೈಗೆ ಬರಲು 1997 ಆಗಬೇಕಾಯಿತು.

ಇಲ್ಲಿ ನೀವು ಹಿಡಿಯಬೇಕಾದ ಎಳೆ ಟ್ರೇಡ್‌ಮಾರ್ಕ್. ಲೈಸೆನ್ಸ್ ಕೊಡುವುದು ಕೋಡನ್ನು. ಅಪಾಚೆ 2.0 ಲೈಸೆನ್ಸಿನ 6ನೇ ಕಲಮಿನಲ್ಲಿ ಹೆಸರಿನ ಹಕ್ಕು ಕೊಟ್ಟಿಲ್ಲ ಅಂತ ನೇರವಾಗಿಯೇ ಇದೆ. ಎಂಐಟಿ ಆ ಬಗ್ಗೆ ಮಾತೇ ಆಡಲ್ಲ. ಸುಮ್ಮನಿದ್ದಾರೆ ಅಂದರೆ ಕೊಟ್ಟಿದ್ದಾರೆ ಅಂತಲ್ಲ. ರಿಜಿಸ್ಟರ್ ಮಾಡಿಸದಿದ್ದರೂ, ವರ್ಷಗಟ್ಟಲೆ ಬಳಸಿದ ಹೆಸರಿನ ಮೇಲೆ ಎಷ್ಟೋ ಕಡೆ ಹಕ್ಕು ಬರುತ್ತದೆ.

ಕೋಡ್ ಬರೆದವರೇ ಆದರೂ ಹೆಸರು ಕೈಲಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನೆಟ್‌ವರ್ಕ್ ಸಂಚಾರ ತೋರಿಸುವ ಟೂಲ್ ವೈರ್‌ಶಾರ್ಕ್ ನೋಡಿ. ಅದರ ಮೊದಲ ಹೆಸರು ಈಥರಿಯಲ್. ಹುಟ್ಟುಹಾಕಿದ ಜೆರಾಲ್ಡ್ ಕೂಂಬ್ಸ್ 2006ರಲ್ಲಿ ಕೆಲಸ ಬದಲಾಯಿಸಿದರು. ಕೋಡಿನ ಬಹುಪಾಲು ಕಾಪಿರೈಟ್ ಅವರದ್ದೇ, ಉಳಿದದ್ದು ಯಾರು ಬೇಕಾದರೂ ಹಂಚಬಹುದಾದ ಜಿಪಿಎಲ್ ಲೈಸೆನ್ಸಿನದ್ದು. ಎಲ್ಲವನ್ನೂ ಜೊತೆಗೆ ಒಯ್ಯಬಹುದಿತ್ತು, ಹಳೆಯ ಕಂಪನಿಯ ಕೈಲಿದ್ದ ಟ್ರೇಡ್‌ಮಾರ್ಕ್ ಒಂದನ್ನು ಬಿಟ್ಟು. ಅವರು ಜಗಳಕ್ಕೆ ನಿಲ್ಲಲಿಲ್ಲ. ಹೊಸ ಹೆಸರಿಟ್ಟು ಕೆಲಸ ಮುಂದುವರಿಸಿದರು. ಕೆಲಸ ಮಾಡುವವರೆಲ್ಲ ಅವರ ಹಿಂದೆಯೇ ಹೋದರು. ಕೋಡನ್ನು ತಾನೇ ಬಿಲ್ಡ್ ಮಾಡಿ ಪರೀಕ್ಷಿಸುವ ಹಡ್ಸನ್ ಅನ್ನುವ ಟೂಲಿನ ಕಥೆಯೂ ಹೀಗೇ. ಸನ್ ಕಂಪನಿಯನ್ನು ಒರೇಕಲ್ ಕೊಂಡ ಮೇಲೆ ಹಡ್ಸನ್ ಅನ್ನುವ ಹೆಸರು ನಮ್ಮದು ಅಂತ ಒರೇಕಲ್ ಹೇಳಿತು. 2011ರ ಜನವರಿಯಲ್ಲಿ ಬಳಗ ಮತ ಹಾಕಿತು. 214 ಮತ ಹೆಸರು ಬದಲಾಯಿಸಲು, 14 ಮತ ಬೇಡ ಅಂತ. ಅದೇ ಇವತ್ತಿನ ಜೆಂಕಿನ್ಸ್.

ಹೆಸರು ಸಿಗುತ್ತದೆ ಅಂತ ಕಾದವರೂ ಇದ್ದಾರೆ. 2010ರಲ್ಲಿ ಓಪನ್‌ಆಫೀಸ್ ಬಿಟ್ಟು ಹೊರಬಂದವರು ಲಿಬ್ರೆಆಫೀಸ್ ಅಂತ ಇಟ್ಟದ್ದು ತಾತ್ಕಾಲಿಕವಾಗಿ. ಒರೇಕಲ್ ಹಳೆಯ ಹೆಸರನ್ನು ದಾನ ಕೊಡಲಿ ಅಂತ ಕೇಳಿದ್ದರು. ಮರುವರ್ಷ ಒರೇಕಲ್ ಅದನ್ನು ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ತಾತ್ಕಾಲಿಕ ಹೆಸರೇ ಕಾಯಂ ಆಯಿತು, ಅದರಿಂದ ಅವರು ಕಳೆದುಕೊಂಡದ್ದೇನೂ ಇಲ್ಲ. ಡೆಬಿಯನ್ ಕಥೆ ಇನ್ನೂ ಸೊಗಸು. ನಮ್ಮ ಲೋಗೋ ಹಾಕದೆ, ಪ್ಯಾಚ್‌ಗಳನ್ನು ನಮಗೆ ತೋರಿಸದೆ ಫೈರ್‌ಫಾಕ್ಸ್ ಹೆಸರು ಬಳಸಬೇಡಿ ಅಂತ 2006ರಲ್ಲಿ ಮೊಜಿಲ್ಲಾ ಹೇಳಿತು. ಸರಿ ಅಂತ ಡೆಬಿಯನ್ 'ಐಸ್‌ವೀಸಲ್' ಅಂತ ಹೆಸರಿಟ್ಟುಕೊಂಡು ಹತ್ತು ವರ್ಷ ಹಂಚಿತು. ರಾಜಿ ಆಗಿ ಹಳೆಯ ಹೆಸರು ಮರಳಿದ್ದು 2016ರಲ್ಲಿ. ಆ ಹತ್ತು ವರ್ಷವೂ ಒಳಗಿದ್ದದ್ದು ಅದೇ ಬ್ರೌಸರ್.

ನಿಮ್ಮ 'ಓಪನ್' ಉಪಾಯದ ಬಗ್ಗೆ ಹೇಳಬೇಕು. ಓಪನ್‌ಎಸ್‌ಎಸ್‌ಎಚ್ ಹಾಗೇ ಮಾಡಿಲ್ವಾ ಅಂತ ನೀವು ಕೇಳಬಹುದು. ಮಾಡಿದೆ, ಉಳಿದುಕೊಂಡಿದೆ ಕೂಡ. ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದ ತಾತು ಊಲೋನೆನ್ 2001ರಲ್ಲಿ ಹೆಸರು ಬದಲಾಯಿಸಿ ಅಂತ ಕೇಳಿದರು, ಇವರು ಒಪ್ಪಲಿಲ್ಲ. ಆದರೆ ಅಷ್ಟರಲ್ಲಿ ಎಸ್‌ಎಸ್‌ಎಚ್ ಅನ್ನುವುದು ಒಂದು ಪ್ರೋಟೋಕಾಲ್‌ನ (ಕಂಪ್ಯೂಟರುಗಳು ಮಾತಾಡಿಕೊಳ್ಳುವ ನಿಯಮದ) ಹೆಸರೇ ಆಗಿಹೋಗಿತ್ತು. ನಿಮ್ಮ ಲೈಬ್ರರಿ ಹೆಸರು ಹಾಗಿಲ್ಲ ಅಲ್ವಾ? 2023ರಲ್ಲಿ ಸರ್ವರ್ ವ್ಯವಸ್ಥೆ ಜೋಡಿಸುವ ಟೂಲ್ ಟೆರಾಫಾರ್ಮ್‌ನಿಂದ ಒಡೆದು ಬಂದವರೂ ಮೊದಲು ಓಪನ್‌ಟಿಎಫ್ ಅಂದುಕೊಂಡಿದ್ದರು. ಅದೇ ವರ್ಷ ಲಿನಕ್ಸ್ ಫೌಂಡೇಶನ್ ಸೇರುವಾಗ ಓಪನ್‌ಟೋಫು ಅಂತ ಬದಲಾಯಿಸಿಕೊಂಡರು. ಎರಡು ಸಲ ಹೆಸರಿಡುವ ಕೆಲಸ ನಿಮಗೆ ಯಾಕೆ? ಪೂರ್ತಿ ಬೇರೆ ಹೆಸರು ಹುಡುಕಿ. 'ಇದು ಇಂಥ ಲೈಬ್ರರಿಯ ಫೋರ್ಕ್' ಅಂತ ರೀಡ್‌ಮಿಯಲ್ಲಿ ಬರೆಯಿರಿ. ಅದು ಇದ್ದ ಸಂಗತಿ ಹೇಳುವುದು, ಹೆಸರು ಕದಿಯುವುದಲ್ಲ.

ಪ್ಯಾಕೇಜ್ ರಿಜಿಸ್ಟ್ರಿಯಲ್ಲಿ (ಲೈಬ್ರರಿಗಳನ್ನು ಹೆಸರು ಹಿಡಿದು ಹಂಚುವ ಜಾಗ) ಹೆಸರು ಖಾಲಿ ಇದೆ ಅಂದ ಮಾತ್ರಕ್ಕೆ ಅದು ನಿಮ್ಮದಾಗಲ್ಲ. 2016ರಲ್ಲಿ ಜಾವಾಸ್ಕ್ರಿಪ್ಟ್‌ನ ಅಂಥ ರಿಜಿಸ್ಟ್ರಿ ಎನ್‌ಪಿಎಂನಲ್ಲಿ ಆದ ಗಲಾಟೆ ನೆನಪಿದೆಯಾ? 'ಕಿಕ್' ಅನ್ನುವ ಪ್ಯಾಕೇಜ್ ಹೆಸರನ್ನು ಎನ್‌ಪಿಎಂ ಅದೇ ಹೆಸರಿನ ಕಂಪನಿಗೆ ಕೊಟ್ಟಿತು. ಸಿಟ್ಟಾದ ಡೆವಲಪರ್ ತನ್ನ ಪ್ಯಾಕೇಜುಗಳನ್ನೆಲ್ಲ ತೆಗೆದುಬಿಟ್ಟರು. ಅದರಲ್ಲಿ 'ಲೆಫ್ಟ್-ಪ್ಯಾಡ್' ಅನ್ನುವ 11 ಸಾಲಿನ ಒಂದು ಪ್ಯಾಕೇಜ್ ಇತ್ತು. ಅದರ ಮೇಲೆ ನಿಂತಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ಜಗತ್ತಿನಾದ್ಯಂತ ಮುರಿದುಬಿದ್ದವು.

ಈಗ ಮಾಡಬೇಕಾದ್ದು. ಮೇಂಟೇನರ್‌ಗೆ ಒಂದು ಚಿಕ್ಕ ಪತ್ರ ಬರೆಯಿರಿ. ಮೊದಲು ಖಾಸಗಿಯಾಗಿ. "ಇಂಪೋರ್ಟ್ ಭಾಗ ಈ ಪುಲ್ ರಿಕ್ವೆಸ್ಟಿನಿಂದ ಬಂದದ್ದು. ಸ್ಕ್ವಾಶ್ ಮಾಡುವಾಗ ಆಥರ್ ಹೆಸರು ಬಿಟ್ಟುಹೋಗಿದೆ. ಹಳೆಯ ಕಮಿಟ್ ಮುಟ್ಟುವುದು ಬೇಡ. ರಿಲೀಸ್ ನೋಟ್ಸ್, ಆಥರ್ಸ್ ಫೈಲ್ ಮತ್ತು ಕಾಪಿರೈಟ್ ಸಾಲು ತಿದ್ದಿದರೆ ಸಾಕು, ಪ್ಯಾಚ್ ನಾನೇ ಕಳಿಸುತ್ತೇನೆ." ಇಷ್ಟೇ. ನೋವು, ಮೂರು ವರ್ಷದ ಲೆಕ್ಕ, ಫೋರ್ಕ್ ಮಾಡುವ ಬೆದರಿಕೆ ಯಾವುದೂ ಬೇಡ. ಫೋರ್ಕ್ ಅನ್ನುವ ಪದ ಬಂದ ಕೂಡಲೇ ಕ್ರೆಡಿಟ್ ಕೇಳಿದ್ದು ಚೌಕಾಸಿ ಥರ ಕಾಣುತ್ತದೆ. ಎರಡು ವಾರ ಕಾಯಿರಿ. ಉತ್ತರ ಬರದಿದ್ದರೆ ಅದೇ ಮೂರು ತಿದ್ದುಪಡಿಯನ್ನು ಎಲ್ಲರಿಗೂ ಕಾಣುವಂತೆ ಪುಲ್ ರಿಕ್ವೆಸ್ಟ್ ಆಗಿ ಕಳಿಸಿ. ನಿಮ್ಮ 60 ಕಮಿಟ್ ಇರುವ ಬ್ರಾಂಚನ್ನು ಅಳಿಸಬೇಡಿ, ಅದೇ ನಿಮ್ಮ ಸಾಕ್ಷಿ.

ಅವರು ಮುಚ್ಚಿಬಿಟ್ಟರೆ ಆಗ ಫೋರ್ಕ್ ಮಾಡಿ. ಹಳೆಯ ಇತಿಹಾಸ ಪೂರ್ತಿ ಉಳಿಸಿಕೊಂಡು, ಅವರ ಕಾಪಿರೈಟ್ ಸಾಲು ಇದ್ದ ಹಾಗೇ ಇಟ್ಟುಕೊಂಡು. ಅವರ ಹೆಸರು ತೆಗೆಯುವ ಆಸೆ ಬರುತ್ತದೆ, ಬಂದೇ ಬರುತ್ತದೆ. ತೆಗೆದರೆ ಲೈಸೆನ್ಸ್ ಮುರಿದವರು ನೀವಾಗುತ್ತೀರಿ. ಮತ್ತೆ, ಹೊಸ ಹೆಸರಿನ ಡೊಮೇನ್, ರಿಜಿಸ್ಟ್ರಿ ಖಾತೆ, ರೆಪೊ ಬೀಗದ ಕೈ ನಿಮ್ಮ ಮೂವರಲ್ಲಿ ಯಾರ ಹತ್ತಿರ ಇರಬೇಕು, ಒಬ್ಬರು ಹೊರಟುಹೋದರೆ ಏನು ಮಾಡಬೇಕು ಅಂತ ಮೊದಲ ಕಮಿಟ್‌ಗೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಈಗ ಮೂವರೂ ಸ್ನೇಹಿತರು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.